ಮ್ಯೂನಿಕ್ ಹಬ್ಬಕ್ಕೆ ಶನಿವಾರ ಬೇಡ, ಮಂಗಳವಾರ ಹೋಗಿ

ಸೆಪ್ಟೆಂಬರ್ ಮೂರನೇ ವಾರ ದಾಟಿತೆಂದರೆ ಆಖೆನ್, ಡ್ರೆಸ್ಡೆನ್, ಬರ್ಲಿನ್‌ಗಳ ವಿದ್ಯಾರ್ಥಿ ನಿಲಯಗಳ ಅಡುಗೆಮನೆಯಲ್ಲಿ ಮಾತು ಒಂದೇ: ಈ ವಾರಾಂತ್ಯ ಮ್ಯೂನಿಕ್‌ಗೆ ಯಾರ್ಯಾರು? ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೆಳಗಿನ ಜಾವ ಮ್ಯೂನಿಕ್, ಹಗಲೆಲ್ಲ ಅಕ್ಟೋಬರ್‌ಫೆಸ್ಟ್, ರಾತ್ರಿ ಮತ್ತೆ ಬಸ್ಸು. ಉಳಿದುಕೊಳ್ಳುವ ಯೋಚನೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಆ ಎರಡು ವಾರ ಊರಿನ ಹೋಟೆಲ್ಲು, ಹಾಸ್ಟೆಲ್ಲುಗಳ ಬಾಡಿಗೆ ಮುಟ್ಟುವಂತಿರುವುದಿಲ್ಲ. ಧಾರವಾಡ, ಶಿವಮೊಗ್ಗ, ಹಾಸನದಿಂದ ಹೋದ ಹುಡುಗ ಹುಡುಗಿಯರಿಗೆ ಇನ್ನೊಂದು ತಾಪತ್ರಯವೂ ಇದೆ. ಬಿಯರ್ ಮಗ್ ಹಿಡಿದ ಫೋಟೋವನ್ನು ಸ್ಟೇಟಸ್‌ಗೆ ಹಾಕುವ ಮೊದಲು ಅಪ್ಪ, ಅಮ್ಮ, ಚಿಕ್ಕಪ್ಪ, ಸೋದರತ್ತೆ ಯಾರಿಗೂ ಕಾಣದಂತೆ ಮರೆಮಾಡಬೇಕು.

ಇದು ಬೆರಳೆಣಿಕೆಯ ಮಂದಿಯ ಸಂಗತಿಯಲ್ಲ. 2022-23ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳ ಪೈಕಿ ಭಾರತೀಯರು ಚೀನೀಯರನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದರು. ಮರುವರ್ಷ ಅವರ ಸಂಖ್ಯೆ 49 ಸಾವಿರ ದಾಟಿತು, 2024-25ರಲ್ಲಿ 59 ಸಾವಿರದ ಆಸುಪಾಸು ಮುಟ್ಟಿತು. ಅಷ್ಟೂ ಮನೆಗಳಲ್ಲಿ ಜರ್ಮನಿ ಎಂದರೆ ಈಗ ಬರೀ ಕಾರು, ಯಂತ್ರಗಳ ದೇಶವಲ್ಲ, ಮಗ ಅಥವಾ ಮಗಳು ಇರುವ ಊರು.

ಮನೆಯವರ ಕಣ್ಣಿಗೆ ಅಕ್ಟೋಬರ್‌ಫೆಸ್ಟ್ ಎಂದರೆ ಕುಡಿತ. ಹೋಗುವ ವಿದ್ಯಾರ್ಥಿಗೂ ಬಹಳ ಸಲ ಅದು ಕುಡಿತವೇ. ಒಬ್ಬರಿಗೆ ಅದು ನಾಚಿಕೆಯ ವಿಷಯ, ಇನ್ನೊಬ್ಬರಿಗೆ ಸಾಹಸದ ವಿಷಯ. ಇಬ್ಬರೂ ಹಬ್ಬದ ಒಂದು ಮೂಲೆಯನ್ನು ನೋಡಿ ಇಷ್ಟೇ ಎಂದುಕೊಂಡಿದ್ದಾರೆ. ಅಲ್ಲಿ ಓದುವ ವಿದ್ಯಾರ್ಥಿ ಈ ಹಬ್ಬಕ್ಕೆ ಹೋಗಬೇಕು, ಮನೆಯವರಿಗೆ ಹೇಳಿಯೇ ಹೋಗಬೇಕು, ಆದರೆ ಶನಿವಾರ ಹೋಗಬಾರದು.

ಹಬ್ಬ ಹುಟ್ಟಿದ್ದು ಬಿಯರ್‌ಗಾಗಿ ಅಲ್ಲ. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್‌ಗೂ ರಾಜಕುಮಾರಿ ಥೆರೇಸಾಗೂ ಮದುವೆಯಾಯಿತು. 17ರಂದು ಊರಾಚೆಯ ಹುಲ್ಲುಗಾವಲಿನಲ್ಲಿ ಜನರಿಗಾಗಿ ಕುದುರೆ ಓಟ ಏರ್ಪಟ್ಟಿತು. ಆ ಹುಲ್ಲುಗಾವಲಿಗೆ ಮದುಮಗಳ ಹೆಸರನ್ನೇ ಇಟ್ಟು ಥೆರೇಸಿಯೆನ್‌ವೀಸೆ ಎಂದರು. ಇಂದಿಗೂ ಮ್ಯೂನಿಕ್‌ನವರು ಹಬ್ಬವನ್ನು ಅಕ್ಟೋಬರ್‌ಫೆಸ್ಟ್ ಎನ್ನುವುದು ಕಡಿಮೆ, ಮೈದಾನದ ಹೆಸರನ್ನು ಮೊಟಕು ಮಾಡಿ ವೀಸ್ನ್ ಎನ್ನುತ್ತಾರೆ. ಬವೇರಿಯಾ ಸ್ವತಂತ್ರ ರಾಜಪ್ರಭುತ್ವವಾಗಿ ಆಗಿನ್ನೂ ನಾಲ್ಕೇ ವರ್ಷ. ಹೊಸದಾಗಿ ಸೇರಿಸಿಕೊಂಡ ಪ್ರದೇಶಗಳ ಜನಕ್ಕೂ ರಾಜಮನೆತನಕ್ಕೂ ನಂಟು ಬೆಸೆಯಲು ಇಂಥದೊಂದು ಸಾರ್ವಜನಿಕ ಸಂಭ್ರಮ ಬೇಕಿತ್ತು. 1811ರಲ್ಲಿ ಓಟದ ಜೊತೆಗೆ ಕೃಷಿ ಪ್ರದರ್ಶನ ಸೇರಿತು: ಒಳ್ಳೆಯ ತಳಿಯ ದನ, ಕುದುರೆಗಳಿಗೆ ಬಹುಮಾನ, ರೈತರಿಗೆ ಹೊಸ ಪದ್ಧತಿಗಳ ಪರಿಚಯ. ಕುದುರೆ ಓಟ ಈಗ ನಿಂತಿದೆ. ಕೃಷಿ ಮೇಳ ಕೆಲವು ವರ್ಷಗಳಿಗೊಮ್ಮೆ ಮೈದಾನದ ದಕ್ಷಿಣ ಭಾಗದಲ್ಲಿ ಇವತ್ತಿಗೂ ನಡೆಯುತ್ತದೆ, 2024ರಲ್ಲೂ ನಡೆಯಿತು. ಬಿಯರ್ ಡೇರೆಗಳು ಹೀಗೆ ಬಂದ ಜನರ ಬಾಯಾರಿಕೆಗೆಂದು ಬೆಳೆದವು.

ಮೈಸೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ದಸರಾ ವಸ್ತುಪ್ರದರ್ಶನವನ್ನು 1880ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಆರಂಭಿಸಿದ್ದು ಕಾಲಕಾಲದ ಹೊಸ ಬೆಳವಣಿಗೆಗಳನ್ನು ಪ್ರಜೆಗಳಿಗೆ ಪರಿಚಯಿಸಲೆಂದೇ. ಅರಮನೆಯ ಸಂಭ್ರಮ, ಜನರ ಜಾತ್ರೆ, ಸರ್ಕಾರದ ಪ್ರದರ್ಶನ ಮೂರೂ ಒಂದೇ ಅಂಗಳದಲ್ಲಿ ಬೆರೆಯುವುದು ಎರಡೂ ಕಡೆ ಇದೆ. ಕಾಲವೂ ಹೆಚ್ಚುಕಡಿಮೆ ಒಂದೇ. 2025ರಲ್ಲಿ ಜಂಬೂಸವಾರಿ ಹೊರಟ ಅಕ್ಟೋಬರ್ 2ರಂದು ಥೆರೇಸಿಯೆನ್‌ವೀಸೆಯಲ್ಲೂ ಹಬ್ಬ ನಡೆದಿತ್ತು. ಅಲ್ಲೂ ಮೆರವಣಿಗೆ ಇದೆ. ಹಬ್ಬದ ಮೊದಲ ಭಾನುವಾರ ಸಾಂಪ್ರದಾಯಿಕ ಉಡುಪಿನ ಸಾವಿರಾರು ಮಂದಿ, ಬ್ಯಾಂಡುಗಳು, ಅಲಂಕರಿಸಿದ ಕುದುರೆ ಬಂಡಿಗಳು ನಗರದ ಬೀದಿಗಳಲ್ಲಿ ಸಾಗುತ್ತವೆ. ಅದರ ಮೂಲ 1835ರಲ್ಲಿ, ಅದೇ ಲುಡ್ವಿಗ್ ಮತ್ತು ಥೆರೇಸಾರ ಮದುವೆಯ ಬೆಳ್ಳಿಹಬ್ಬಕ್ಕೆ ಹೊರಟ ಮೆರವಣಿಗೆಯಲ್ಲಿದೆ. ಬೀದಿ ಬದಿ ನಿಂತು ನೋಡಲು ಒಂದು ಪೈಸೆಯೂ ಬೇಡ. ಬಸ್ಸಿನಲ್ಲಿ ಬಂದಿಳಿಯುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಇದನ್ನು ನೋಡುವುದಿಲ್ಲ. ಆ ಹೊತ್ತಿಗೆ ಅವರು ವಾಪಸ್ ಬಸ್ಸಿನಲ್ಲಿ ನಿದ್ದೆಯಲ್ಲಿರುತ್ತಾರೆ.

ವಿದ್ಯಾರ್ಥಿಯೊಬ್ಬ ಅಲ್ಲಿ ನೋಡಬೇಕಾದದ್ದು ಹಬ್ಬ ನಡೆಯುವ ವ್ಯವಸ್ಥೆಯನ್ನು. ಅಕ್ಟೋಬರ್‌ಫೆಸ್ಟ್ ಯಾವುದೋ ಇವೆಂಟ್ ಕಂಪನಿಯ ಸೊತ್ತಲ್ಲ, ಅದನ್ನು ನಡೆಸುವುದು ಮ್ಯೂನಿಕ್ ನಗರಾಡಳಿತ. ಯಾವ ಡೇರೆ, ಯಾವ ತೊಟ್ಟಿಲು, ಯಾವ ಅಂಗಡಿಗೆ ಜಾಗ ಎಂಬುದನ್ನು ನಗರವೇ ತೀರ್ಮಾನಿಸುತ್ತದೆ. ಮೈದಾನಕ್ಕೆ ಪ್ರವೇಶ ಉಚಿತ. ಹಬ್ಬದ ಬಿಯರ್ ಮಾರುವ ಹಕ್ಕು ಮ್ಯೂನಿಕ್ ನಗರದೊಳಗೆ ತಯಾರಿಸುವ ಆರು ಸಂಸ್ಥೆಗಳಿಗೆ ಮಾತ್ರ: ಆಗಸ್ಟೀನರ್, ಹ್ಯಾಕರ್-ಪ್‌ಶೋರ್, ಹೋಫ್‌ಬ್ರಾಯ್, ಲೋವೆನ್‌ಬ್ರಾಯ್, ಪೌಲಾನರ್, ಸ್ಪಾಟೆನ್. ಮೊದಲ ಶನಿವಾರ ಮಧ್ಯಾಹ್ನ 12ಕ್ಕೆ ಶಾಟೆನ್‌ಹಾಮೆಲ್ ಡೇರೆಯಲ್ಲಿ ಮೇಯರ್ ಸುತ್ತಿಗೆ ಹಿಡಿದು ಮೊದಲ ಪೀಪಾಯಿಗೆ ನಲ್ಲಿ ಬಡಿಯುತ್ತಾರೆ, ಮೊದಲ ಮಗ್ ಬವೇರಿಯಾದ ಮುಖ್ಯಮಂತ್ರಿಗೆ ಹೋಗುತ್ತದೆ. 1950ರಲ್ಲಿ ಮೇಯರ್ ಥಾಮಸ್ ವಿಮ್ಮರ್ ಶುರುಮಾಡಿದ ಪದ್ಧತಿ ಇದು.

ಆಮೇಲೆ ನಿಯಮಗಳು. ಡೇರೆಯಲ್ಲಿ ಕುಳಿತವರಿಗೆ ಮಾತ್ರ ಬಿಯರ್, ನಿಂತವರಿಗೆ ಇಲ್ಲ. ರಾತ್ರಿ ಹತ್ತೂವರೆಗೆ ಬಿಯರ್ ಬಂದ್. 2005ರಿಂದ ಸಂಜೆ ಆರರವರೆಗೆ ಡೇರೆಯ ವಾದ್ಯಗಳು 85 ಡೆಸಿಬೆಲ್ ಮೀರುವಂತಿಲ್ಲ. ಹಬ್ಬ ಬರೀ ಯುವಕರ ಕುಣಿತದ ಜಾಗವಾಗಬಾರದು, ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಬಂದು ಊಟ ಮಾಡುವಂತಿರಬೇಕು ಎಂಬುದು ಆ ನಿಯಮದ ಆಶಯ. ನಗರದ ಜಾಗದಲ್ಲಿ ನಡೆಯುವ ಸಮಾರಂಭಗಳಲ್ಲಿ ಬಳಸಿ ಬಿಸಾಡುವ ತಟ್ಟೆ ಲೋಟಗಳಿಗೆ ಮ್ಯೂನಿಕ್ 1991ರಲ್ಲೇ ನಿಷೇಧ ಹಾಕಿತು. ಹಾಗಾಗಿ ಲಕ್ಷಗಟ್ಟಲೆ ಜನ ಉಣ್ಣುವ ಜಾಗದಲ್ಲಿ ಪ್ಲಾಸ್ಟಿಕ್ ಲೋಟದ ಗುಡ್ಡೆ ಕಾಣುವುದಿಲ್ಲ. ಶೌಚಾಲಯಗಳು ಸಾವಿರಕ್ಕೂ ಮಿಕ್ಕಿ ಇವೆ, ಉಚಿತ. ಕುಡಿಯುವ ನೀರಿನ ನಲ್ಲಿಗಳೂ ಇತ್ತೀಚೆಗೆ ಬಂದಿವೆ. 2023ರಲ್ಲಿ ಈ ಮೈದಾನಕ್ಕೆ 72 ಲಕ್ಷ ಭೇಟಿಗಳಾದವು, ಅದು ದಾಖಲೆ. ನಗರ ಯೋಜನೆ, ಸಿವಿಲ್ ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಓದಲು ಹೋದ ವಿದ್ಯಾರ್ಥಿಗೆ ಇಷ್ಟು ಜನಸಂದಣಿಯನ್ನು ಸಂಭಾಳಿಸುವ ಬಗೆ ಕಣ್ಣೆದುರೇ ಸಿಗುವ ಪಾಠ. ಅದು ಪಠ್ಯಕ್ರಮದಲ್ಲಿ ಇಲ್ಲವೆಂದು ಬಿಟ್ಟುಬರುವುದು ನಷ್ಟ.

 

ಡೇರೆಯೊಳಗೆ ಹೋದವರು ಬಡಿಸುವವರನ್ನು ಸ್ವಲ್ಪ ಹೊತ್ತು ಗಮನಿಸಬೇಕು. ಅಲ್ಲಿ ಒಂದು ಮಗ್ ಎಂದರೆ ಪೂರ್ತಿ ಒಂದು ಲೀಟರ್, ಮಾಸ್ ಎನ್ನುತ್ತಾರೆ. ದಪ್ಪ ಗಾಜಿನ ಮಗ್ ತುಂಬಿದಾಗ ಎರಡು ಕಿಲೋ ಮೀರಿ ತೂಗುತ್ತದೆ. ಅಂಥ ಹತ್ತು ಹನ್ನೆರಡನ್ನು ಎರಡು ಕೈಯಲ್ಲಿ ಎದೆಗವಚಿಕೊಂಡು, ಬೆಂಚಿನ ಮೇಲೆ ಹತ್ತಿ ಕುಣಿಯುವವರ ನಡುವೆ ದಾರಿ ಮಾಡಿಕೊಂಡು, ಬೆಳಿಗ್ಗೆಯಿಂದ ರಾತ್ರಿಯವರೆಗೆ ನಡೆಯುವ ಹೆಂಗಸರ ಕೆಲಸ ಇಟ್ಟಿಗೆ ಹೊರುವ ಕೆಲಸಕ್ಕಿಂತ ಹಗುರವಲ್ಲ. ಆಕೆಗೆ ದಾರಿ ಬಿಡುವುದು, ಚಿಲ್ಲರೆ ಎಣಿಸದೆ ಟಿಪ್ಸ್ ಕೊಡುವುದು, ಎರಡು ಸಲ ಧನ್ಯವಾದ ಹೇಳುವುದು ಆ ಊರಿನ ಮರ್ಯಾದೆ. ಅಲ್ಲಿ ಓದುವವರು ಭಾಷೆಯ ಜೊತೆಗೆ ಅದನ್ನೂ ಕಲಿಯಬೇಕು.

ಈಗ ಶನಿವಾರದ ಸಂಗತಿ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದರೆ, ಬಿಸಿಲಿದ್ದ ದಿನ ಮಧ್ಯಾಹ್ನದೊಳಗೆ ದೊಡ್ಡ ಡೇರೆಗಳ ಮುಂದೆ ‘ತುಂಬಿದೆ’ ಎಂಬ ಫಲಕ ಬೀಳುತ್ತದೆ. ಒಳಗೆ ಜಾಗ ಸಿಕ್ಕವರು ಏಳುವುದಿಲ್ಲ, ಎದ್ದರೆ ಮತ್ತೆ ಸಿಗುವುದಿಲ್ಲ. ಕುಳಿತೇ ಇರಬೇಕೆಂದರೆ ತರಿಸುತ್ತಲೇ ಇರಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟ, ಖಾಲಿ ಹೊಟ್ಟೆಯ ಇಪ್ಪತ್ತೆರಡರ ಹುಡುಗ ಬೆಳಿಗ್ಗೆ ಹತ್ತಕ್ಕೆ ಮೊದಲ ಮಾಸ್ ಎತ್ತುತ್ತಾನೆ. ಹಬ್ಬಕ್ಕೆಂದೇ ತಯಾರಿಸುವ ಬಿಯರ್‌ನಲ್ಲಿ ಆಲ್ಕೋಹಾಲ್ ಶೇ 6ರ ಸುಮಾರು. ಅಂದರೆ ಒಂದು ಮಗ್‌ನಲ್ಲಿ 47 ಗ್ರಾಂ ಶುದ್ಧ ಆಲ್ಕೋಹಾಲ್, ಕರ್ನಾಟಕದ ಬಾರಿನಲ್ಲಿ ಸಿಗುವ 650 ಮಿಲಿಲೀಟರಿನ ಸ್ಟ್ರಾಂಗ್ ಬಾಟಲಿಗಿಂತಲೂ ಹೆಚ್ಚು. ಬಾಯಿಗೆ ಹಗುರ, ಕುಡಿಯಲು ಸಲೀಸು. ಮೂರನೆಯದಕ್ಕೆ ಬರುವ ಹೊತ್ತಿಗೆ ಲೆಕ್ಕ ತಪ್ಪಿರುತ್ತದೆ.

2015ರ ಹಬ್ಬದಲ್ಲಿ ಮ್ಯೂನಿಕ್‌ನ ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞರು ಸ್ಮಾರ್ಟ್‌ಫೋನ್ ಆಧಾರಿತ ಇಸಿಜಿ ಉಪಕರಣ ಹಿಡಿದು ಕುಡಿಯಲು ಬಂದವರ ನಡುವೆಯೇ ಅಧ್ಯಯನ ಮಾಡಿದರು. ಸ್ವಇಚ್ಛೆಯಿಂದ ಒಪ್ಪಿದ 3,028 ಮಂದಿಯ ಹೃದಯ ಬಡಿತ ದಾಖಲಿಸಿದರು. ಅವರಲ್ಲಿ ಶೇ 30.5 ಮಂದಿಯಲ್ಲಿ ಬಡಿತ ಏರುಪೇರಾಗಿತ್ತು, ಹೆಚ್ಚಿನದು ವಿಪರೀತ ವೇಗದ ಬಡಿತ. ಇವರೆಲ್ಲ ಮುದುಕರಲ್ಲ, ಸರಾಸರಿ ವಯಸ್ಸು 35ರ ಆಸುಪಾಸು. ‘ಒಂದು ದಿನ ತಾನೆ’ ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು. ಆ ಒಂದೇ ದಿನವನ್ನು ಅಳೆದಾಗ ಸಿಕ್ಕ ಅಂಕಿ ಇದು.

ದುಡ್ಡಿನ ಲೆಕ್ಕ ಇನ್ನೂ ಸ್ಪಷ್ಟ. 2025ರಲ್ಲಿ ಒಂದು ಮಾಸ್‌ನ ಬೆಲೆ 14.50ರಿಂದ 15.80 ಯೂರೋ, ನಮ್ಮ ಲೆಕ್ಕದಲ್ಲಿ ಒಂದೂವರೆ ಸಾವಿರ ರೂಪಾಯಿಯಷ್ಟು. ಅದೇ ವರ್ಷ ಜರ್ಮನಿಯ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಸೂಪರ್‌ಮಾರ್ಕೆಟ್ ಗೋದಾಮಿನಲ್ಲಿ ಒಂದು ಗಂಟೆ ಪೆಟ್ಟಿಗೆ ಎತ್ತಿದ ದುಡ್ಡು ಒಂದು ಮಗ್‌ಗೂ ಸಾಲದು. ವೀಸಾ ಪಡೆಯಲು ಭಾರತದ ವಿದ್ಯಾರ್ಥಿ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕಾದದ್ದು ವರ್ಷಕ್ಕೆ 11,904 ಯೂರೋ, ಅದರಿಂದ ತಿಂಗಳಿಗೆ ಕೈಗೆ ಬರುವುದು 992. ಬಾಡಿಗೆ, ಆರೋಗ್ಯ ವಿಮೆ ಕಳೆದು ಉಳಿದದ್ದರಲ್ಲಿ ಊಟ ಓಡಾಟ ಆಗಬೇಕು. ಮೂರು ಮಾಸ್, ಅರ್ಧ ಹುರಿದ ಕೋಳಿ, ಬಸ್ ಚಾರ್ಜು, ಅಂಗಡಿಯಲ್ಲಿ ಆಸೆಪಟ್ಟು ಕೊಂಡ ಅಗ್ಗದ ಚರ್ಮದ ಚಡ್ಡಿ ಸೇರಿದರೆ ಅರ್ಧ ತಿಂಗಳ ದಿನಸಿ ಖರ್ಚು ಒಂದೇ ಶನಿವಾರದಲ್ಲಿ ಹೋಯಿತು. ಊರಿನಲ್ಲಿ ಅಪ್ಪ ಶಿಕ್ಷಣ ಸಾಲದ ಕಂತಿಗೆ ದುಡ್ಡು ಹೊಂದಿಸುತ್ತಿರುವಾಗ ಈ ಖರ್ಚು ಮನಸ್ಸಿಗೆ ಚುಚ್ಚಬೇಕು, ಚುಚ್ಚುವುದು ಸರಿಯೇ. ಆ ಉಡುಪು ಅಲ್ಲಿಯವರಿಗೆ ಹಬ್ಬದ ಬಟ್ಟೆ. ಹೊರಗಿನವರು ಹಾಕಲೇಬೇಕೆಂದು ಯಾರೂ ಕೇಳುವುದಿಲ್ಲ, ಸಾದಾ ಅಂಗಿ ಪ್ಯಾಂಟಿನಲ್ಲಿ ಬಂದವರನ್ನು ಯಾರೂ ತಡೆಯುವುದೂ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಮುಚ್ಚುಮರೆ ಬೇಡ. ಅಷ್ಟು ಕುಡಿದ ಜನ ಸೇರಿದಲ್ಲಿ ಮೈಮುಟ್ಟುವವರು, ಹಿಂಬಾಲಿಸುವವರು ಇರುತ್ತಾರೆ. ಲೈಂಗಿಕ ಕಿರುಕುಳದ ದೂರುಗಳು ಪ್ರತಿ ವರ್ಷ ಪೊಲೀಸರಿಗೆ ಬರುತ್ತವೆ. ಆ ಊರಿನ ಮಹಿಳಾ ಸಂಘಟನೆಗಳು ಇದನ್ನು ಅದೃಷ್ಟಕ್ಕೆ ಬಿಡಲಿಲ್ಲ. 2003ರಿಂದ ಮೈದಾನದೊಳಗೇ ಹುಡುಗಿಯರಿಗೂ ಮಹಿಳೆಯರಿಗೂ ಒಂದು ಸುರಕ್ಷಿತ ತಾಣ ನಡೆಸುತ್ತಿದ್ದಾರೆ. ಗುಂಪಿನಿಂದ ತಪ್ಪಿಸಿಕೊಂಡವರು, ಫೋನ್ ಕಳೆದುಕೊಂಡವರು, ಹೆದರಿದವರು, ದೌರ್ಜನ್ಯಕ್ಕೆ ಒಳಗಾದವರು ಅಲ್ಲಿಗೆ ಹೋಗಬಹುದು. ತರಬೇತಾದ ಮಹಿಳೆಯರು ಇರುತ್ತಾರೆ, ಮನೆ ತಲುಪುವ ದಾರಿ ಮಾಡಿಕೊಡುತ್ತಾರೆ, ‘ನೀನು ಯಾಕೆ ಕುಡಿದೆ’ ಎಂಬಲ್ಲಿಂದ ಮಾತು ಶುರುಮಾಡುವುದಿಲ್ಲ. ಹೊಸದಾಗಿ ಹೋದ ಹುಡುಗಿ ಹಬ್ಬದ ನಕ್ಷೆಯಲ್ಲಿ ಮೊದಲು ಗುರುತಿಸಿಕೊಳ್ಳಬೇಕಾದ ಜಾಗ ಅದು. ಇಂಥ ತಾಣ ನಮ್ಮ ಬೆಂಗಳೂರಿನ ಹೊಸ ವರ್ಷದ ರಾತ್ರಿಗೂ, ದೊಡ್ಡ ಜಾತ್ರೆಗಳಿಗೂ ಬೇಕು.

ಮೈದಾನದ ಮುಖ್ಯ ದ್ವಾರದ ಬಳಿ ಒಂದು ಸ್ಮಾರಕವಿದೆ. 1980ರ ಸೆಪ್ಟೆಂಬರ್ 26ರ ರಾತ್ರಿ ಅಲ್ಲಿ ಬಾಂಬ್ ಸಿಡಿಯಿತು. ಬಾಂಬ್ ಇಟ್ಟವನೂ ಸೇರಿ 13 ಮಂದಿ ಸತ್ತರು, ಸತ್ತವರಲ್ಲಿ ಮಕ್ಕಳೂ ಇದ್ದರು, 200ಕ್ಕೂ ಹೆಚ್ಚು ಜನ ಗಾಯಗೊಂಡರು. ಬಹಳ ಕಾಲ ಅದು ಒಬ್ಬ ಹತಾಶ ಯುವಕನ ಕೃತ್ಯ ಎಂದೇ ಕಡತದಲ್ಲಿ ಉಳಿಯಿತು. ಗಾಯಗೊಂಡವರೂ ವಕೀಲರೂ ಪತ್ರಕರ್ತರೂ ಪಟ್ಟುಬಿಡಲಿಲ್ಲ. ತನಿಖೆ ಮತ್ತೆ ತೆರೆಯಿತು, 2020ರಲ್ಲಿ ಫೆಡರಲ್ ಪ್ರಾಸಿಕ್ಯೂಟರ್ ಇದು ಬಲಪಂಥೀಯ ಉಗ್ರವಾದದ ದಾಳಿ ಎಂದು ಒಪ್ಪಿದರು. ಬಸ್ಸಿಳಿದು ಡೇರೆಯತ್ತ ಓಡುವವರು ಈ ಸ್ಮಾರಕದ ಮುಂದೆ ಹಾದುಹೋಗುತ್ತಾರೆ. ಜರ್ಮನಿಯಲ್ಲಿ ವರ್ಷಗಟ್ಟಲೆ ಬದುಕಲು ಹೊರಟ ವಿದೇಶಿ ವಿದ್ಯಾರ್ಥಿ ಅಲ್ಲಿ ನಿಲ್ಲಬೇಕು. ಆ ಸಮಾಜದೊಳಗಿನ ದ್ವೇಷವನ್ನೂ, ನಲವತ್ತು ವರ್ಷ ತಡವಾದರೂ ಸತ್ಯ ಬರೆಸಿದ ಹಟವನ್ನೂ ತಿಳಿದಿರುವುದು ಅವನಿಗೆ ಉಪಯೋಗಕ್ಕೆ ಬರುತ್ತದೆ.

ಕುಡಿಯದವರು ಅಲ್ಲಿ ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಬೇಕಾದಷ್ಟಿದೆ. 2010ರಲ್ಲಿ, ಹಬ್ಬಕ್ಕೆ 200 ವರ್ಷ ತುಂಬಿದಾಗ, ‘ಹಳೆಯ ವೀಸ್ನ್’ ಎಂಬ ಪ್ರತ್ಯೇಕ ಅಂಗಳ ತೆರೆದರು. ಕೃಷಿ ಮೇಳದ ವರ್ಷ ಬಿಟ್ಟು ಉಳಿದ ವರ್ಷ ಇರುತ್ತದೆ, ಸಣ್ಣ ಪ್ರವೇಶ ಶುಲ್ಕ. ಹಳೆಯ ಕಾಲದ ತೊಟ್ಟಿಲುಗಳು, ಜಾನಪದ ಕುಣಿತ, ನೆಮ್ಮದಿಯ ಗತಿಯ ಹಾಡು. ಮೈದಾನದ ಇನ್ನೊಂದು ಬದಿ 1920ರ ದಶಕದ ಕ್ರಿನೋಲೀನ್ ಎಂಬ ತಿರುಗುಣಿ ಬ್ಯಾಂಡಿನವರ ಸಂಗೀತಕ್ಕೆ ಇನ್ನೂ ತಿರುಗುತ್ತದೆ. ಪಶ್ಚಿಮದ ದಿಬ್ಬದ ಮೇಲೆ 1850ರಲ್ಲಿ ನಿಲ್ಲಿಸಿದ ಬವೇರಿಯಾ ದೇವಿಯ ಕಂಚಿನ ಪ್ರತಿಮೆ, ಎತ್ತರ 18 ಮೀಟರ್ ಮೀರಿ. ಅದರೊಳಗಿನ ಮೆಟ್ಟಿಲು ಹತ್ತಿ ತಲೆಯ ಕಿಂಡಿಯಿಂದ ಇಡೀ ಮೈದಾನ ನೋಡಬಹುದು. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ: ಚೀಸ್ ಬೆರೆಸಿದ ಸ್ಪೆಟ್ಸ್ಲೆ, ಅಣಬೆ ಗೊಜ್ಜಿನ ಜೊತೆ ಬ್ರೆಡ್ಡಿನ ಕಡುಬು, ಅಂಗೈಗಿಂತ ದೊಡ್ಡ ಬ್ರೆಟ್ಸೆಲ್, ಸಕ್ಕರೆಯಲ್ಲಿ ಹುರಿದ ಬಾದಾಮಿ. ಆಲ್ಕೋಹಾಲ್ ಇಲ್ಲದ ಬಿಯರ್ ಕೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಜರ್ಮನ್ನರೇ ಬಿಯರ್ ಕುಡಿಯುವುದನ್ನು ದಶಕಗಳಿಂದ ಕಡಿಮೆ ಮಾಡುತ್ತ ಬಂದಿದ್ದಾರೆ. 2024ರ ಬೇಸಿಗೆಯಲ್ಲಿ ಮ್ಯೂನಿಕ್‌ನಲ್ಲೇ ಆಲ್ಕೋಹಾಲ್ ಇಲ್ಲದ ಬಿಯರ್ ಉದ್ಯಾನವೊಂದು ತೆರೆಯಿತು.

ಮನೆಯವರಿಗೂ ಒಂದು ಮಾತು. ಕರ್ನಾಟಕ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಕುಡಿತ ನಮ್ಮ ನೆಲದಲ್ಲಿ ಇಲ್ಲದ್ದು, ಮಗ ಹೊರದೇಶಕ್ಕೆ ಹೋಗಿ ಕಲಿತದ್ದು ಎನ್ನುವ ಮಾತು ಈ ಅಂಕಿಯ ಮುಂದೆ ನಿಲ್ಲುವುದಿಲ್ಲ. ನಮ್ಮಲ್ಲಿ ಕುಡಿಯುವುದು ಪರದೆಯ ಹಿಂದೆ, ಮಂದ ಬೆಳಕಿನಲ್ಲಿ, ಹೆಂಗಸರಿಂದ ದೂರ. ಹಾಗಾಗಿ ಎಷ್ಟು ಕುಡಿದರೆ ಸಾಕು, ಯಾವಾಗ ಎದ್ದು ಹೋಗಬೇಕು, ಕುಡಿದವನನ್ನು ಮನೆಗೆ ಹೇಗೆ ತಲುಪಿಸಬೇಕು ಎಂಬ ಮಾತನ್ನು ಮಕ್ಕಳೊಂದಿಗೆ ಯಾವ ಮನೆಯೂ ಆಡುವುದಿಲ್ಲ. ಆ ಮಾತು ಆಡದೆ ವಿಮಾನ ಹತ್ತಿಸಿದ ಮಕ್ಕಳು, ಹದಿನಾರಕ್ಕೇ ಬಿಯರ್ ಕೊಳ್ಳಲು ಕಾನೂನು ಒಪ್ಪುವ ದೇಶದಲ್ಲಿ ಇಳಿಯುತ್ತಾರೆ. ‘ಹೋಗಬೇಡ’ ಎಂದರೆ ಅವರು ಹೇಳದೆ ಹೋಗುತ್ತಾರೆ. ಹೇಳದೆ ಹೋದವರಿಗೆ ತೊಂದರೆಯಾದಾಗ ಫೋನ್ ಮಾಡಲು ಯಾರೂ ಇರುವುದಿಲ್ಲ. ಯಾರ ಜೊತೆ ಹೋಗುತ್ತೀ, ಯಾವಾಗ ವಾಪಸ್ ಬರುತ್ತೀ ಎಂದು ಕೇಳುವ ಅಮ್ಮನಿಗೆ ನಿಜ ಹೇಳುವ ಧೈರ್ಯ ಮಕ್ಕಳಿಗೆ ಬರುವುದು, ಕೇಳಿದ ಮೇಲೆ ಬೈಗುಳ ಇಲ್ಲವೆಂದು ಗೊತ್ತಿದ್ದಾಗ ಮಾತ್ರ.

ಹಾಗಾದರೆ ಮಂಗಳವಾರವೇ ಯಾಕೆ? ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ, ತರಗತಿಗಳು ಹೆಚ್ಚಿನೆಡೆ ಅಕ್ಟೋಬರ್ ಮಧ್ಯಕ್ಕೆ. ಹಬ್ಬದ ದಿನಗಳಲ್ಲಿ ಬಹುಪಾಲು ವಿದ್ಯಾರ್ಥಿಗಳಿಗೆ ಪಾಠವೇ ಇರುವುದಿಲ್ಲ. ಪರೀಕ್ಷೆ, ಅರೆಕಾಲಿಕ ಕೆಲಸ ಹೊಂದಿಸಿಕೊಂಡರೆ ವಾರದ ನಡುವೆ ಒಂದು ದಿನ ಸಿಗುತ್ತದೆ. ನೌಕರರೂ ಪ್ರವಾಸಿಗಳೂ ಮುಗಿಬೀಳುವ ಶನಿವಾರವನ್ನೇ ಅವರು ಆರಿಸಿಕೊಳ್ಳಬೇಕಾಗಿಲ್ಲ. ಮಂಗಳವಾರ ಹಬ್ಬದಲ್ಲಿ ಕುಟುಂಬಗಳ ದಿನ, ಸಂಜೆ ಏಳರವರೆಗೆ ತೊಟ್ಟಿಲುಗಳಿಗೂ ಹಲವು ಅಂಗಡಿಗಳಿಗೂ ರಿಯಾಯಿತಿ. ಡೇರೆಗಳಲ್ಲಿ ಮುಂಗಡ ಕಾಯ್ದಿರಿಸದೆಯೂ ಬೆಂಚು ಸಿಗುತ್ತದೆ, ಪಕ್ಕದಲ್ಲಿ ಕುಳಿತ ಮ್ಯೂನಿಕ್‌ನ ಹಿರಿಯರ ಜೊತೆ ತರಗತಿಯಲ್ಲಿ ಕಲಿತ ಜರ್ಮನ್ ಆಡಿ ನೋಡಲು ಅವಕಾಶವಾಗುತ್ತದೆ. ‘ಪ್ರವೇಶ ಟಿಕೆಟ್’ ಎಂದು ಆನ್‌ಲೈನ್‌ನಲ್ಲಿ ಮಾರುವವರಿಗೆ ದುಡ್ಡು ಕಟ್ಟಬೇಡಿ, ಅಂಥ ಟಿಕೆಟ್ಟೇ ಇಲ್ಲ. ದೊಡ್ಡ ಬೆನ್ನುಚೀಲ ಒಯ್ಯಬೇಡಿ, ಮೂರು ಲೀಟರಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ.

ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟವಿದೆ, ಫ್ರಾಂಕ್‌ಫರ್ಟ್ ಕಡೆ ರೈನ್-ಮೈನ್ ಕನ್ನಡ ಸಂಘವಿದೆ. ರಾಜ್ಯೋತ್ಸವ, ಯುಗಾದಿಗೆ ಜನ ಸೇರಿಸುವ ಇಂಥ ಸಂಘಗಳು ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಬಂದಿಳಿಯುವ ವಿದ್ಯಾರ್ಥಿಗಳನ್ನು ವಾರದ ನಡುವೆ ಒಂದು ಮಧ್ಯಾಹ್ನ ಈ ಮೈದಾನಕ್ಕೆ ಕರೆದೊಯ್ದು ಸುತ್ತಾಡಿಸಲಿ. ಸ್ಮಾರಕ, ಸುರಕ್ಷಿತ ತಾಣ, ಹಳೆಯ ವೀಸ್ನ್, ಕೊನೆಗೆ ಡೇರೆ, ಈ ಕ್ರಮದಲ್ಲಿ ತೋರಿಸಲಿ. ಕುಡಿಯುವುದೂ ಬಿಡುವುದೂ ಅವರವರಿಗೆ ಬಿಟ್ಟದ್ದು.

2026ರ ಅಕ್ಟೋಬರ್‌ಫೆಸ್ಟ್ ಸೆಪ್ಟೆಂಬರ್ 19ರ ಶನಿವಾರ ಆರಂಭವಾಗಿ ಅಕ್ಟೋಬರ್ 4ರ ಭಾನುವಾರ ಮುಗಿಯುತ್ತದೆ. ನಡುವೆ ಬರುವ ಮಂಗಳವಾರಗಳು ಎರಡು: ಸೆಪ್ಟೆಂಬರ್ 22 ಮತ್ತು 29.